ಪ್ರಾಣಿ ಶೆಲ್ಟರಿನಲ್ಲಿ ವಾಲಂಟಿಯರ್ ಆಗಬೇಕಾ? ಮೊದಲ ಮೆಸೇಜಿನಿಂದ ಮೂರನೇ ತಿಂಗಳವರೆಗೆ

ಪಿಯುಸಿ ಪರೀಕ್ಷೆ ಮುಗಿದ ವಾರದಿಂದಲೇ ಪ್ರಶ್ನೆಗಳು ಶುರು. "ನಾಯಿ ಶೆಲ್ಟರಿನಲ್ಲಿ ಕೆಲಸ ಮಾಡಬೇಕು, ಹೇಗೆ ಸೇರೋದು?" "ನನಗೆ 16 ವರ್ಷ, ಒಳಗೆ ಬಿಡ್ತಾರಾ?" "ಫೋನ್ ಮಾಡಿದೆ, ಎತ್ತಲೇ ಇಲ್ಲ." "ಸರ್ಟಿಫಿಕೇಟ್ ಕೊಡ್ತಾರಾ?" "ಅಮ್ಮ ಬೇಡ ಅಂತಿದ್ದಾರೆ, ಕಚ್ಚಿದರೆ ಏನು ಗತಿ ಅಂತ." ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಪಶುವೈದ್ಯನೂ ಅಲ್ಲ. ಕೆಲವು ವರ್ಷಗಳಿಂದ ವಾರಕ್ಕೊಮ್ಮೆ ಬೆಳಿಗ್ಗೆ ಶೆಲ್ಟರಿಗೆ ಹೋಗಿ ಬಕೆಟ್ ಹಿಡಿಯುವವನು, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗಳ ಮೇಲೆ ಪ್ರೀತಿ ಇರುವವರು ಶೆಲ್ಟರಿಗೆ ಬೇಕಾದಷ್ಟು ಜನ ಬರುತ್ತಾರೆ. ಒಂದು ಭಾನುವಾರ ಬಂದು ಮರಿಗಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಬಂದು, ಅದೇ ಎಂಟು ಗೂಡು ತೊಳೆದು ಹೋಗುವವರು ಮಾತ್ರ ಸಿಗುವುದೇ ಇಲ್ಲ. ಈ ಲೇಖನ ಆ ಎರಡನೇ ಥರದವರಾಗಲು ಹೊರಟವರಿಗೆ.

ಹಂತ 1: ಮೊದಲು ನಿಮ್ಮ ವಾರವನ್ನು ನೋಡಿಕೊಳ್ಳಿ

ಶೆಲ್ಟರ್ ಹುಡುಕುವ ಮೊದಲು ಕಾಲೇಜಿನ ಟೈಮ್‌ಟೇಬಲ್ ಎದುರಿಗೆ ಇಟ್ಟುಕೊಳ್ಳಿ. ವಾರಕ್ಕೆ ಒಂದು ದಿನ, ಮೂರು ಗಂಟೆ, ಕನಿಷ್ಠ ಮೂರು ತಿಂಗಳು. ಇಷ್ಟು ಕೊಡಲು ಆಗುತ್ತದಾ? ಹೋಗಿ ಬರುವ ಸಮಯವನ್ನೂ ಸೇರಿಸಿ. ನಾಯಿ ಬೊಗಳುವ ಸದ್ದಿಗೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ ಅಂತ ಹೆಚ್ಚಿನ ಶೆಲ್ಟರ್‌ಗಳು ಊರಾಚೆ ಇರುತ್ತವೆ. ಬಸ್ ಇಳಿದ ಮೇಲೆ ಒಂದೆರಡು ಕಿಲೋಮೀಟರ್ ನಡೆಯಬೇಕಾಗಬಹುದು.

ಕೆಲಸ ಜಾಸ್ತಿ ಇರುವುದು ಬೆಳಿಗ್ಗೆ. ರಾತ್ರಿಯ ಹೇಲು, ಉಚ್ಚೆ ತೊಳೆಯುವುದು, ಊಟ, ಔಷಧಿ ಎಲ್ಲ ಆಗಲೇ. ಮಧ್ಯಾಹ್ನ ಎರಡಕ್ಕೆ ಹೋದರೆ ನಾಯಿಗಳೂ ಮಲಗಿರುತ್ತವೆ, ಅಲ್ಲಿನ ಅಣ್ಣಂದಿರೂ ಊಟ ಮಾಡಿ ಒಂದು ಗಳಿಗೆ ಕೂತಿರುತ್ತಾರೆ. ಶನಿವಾರ, ಭಾನುವಾರ ಜನ ತುಂಬಿರುತ್ತಾರೆ. ಮಂಗಳವಾರ, ಬುಧವಾರ ಬರುತ್ತೇನೆ ಅಂದರೆ ನಿಮಗೆ ಬೇಗ ಜಾಗ ಸಿಗುತ್ತದೆ. ಹಬ್ಬದ ದಿನಗಳಲ್ಲಂತೂ ಕೈ ಸಾಲುವುದೇ ಇಲ್ಲ. ದೀಪಾವಳಿಯ ಮೂರು ದಿನ ಪಟಾಕಿಗೆ ಹೆದರಿ ಓಡಿಹೋದ ನಾಯಿಗಳು, ಸುಟ್ಟ ಗಾಯದವು ಬರುತ್ತಲೇ ಇರುತ್ತವೆ. ಅದೇ ದಿನ ಕೆಲಸದವರೂ ಊರಿಗೆ ಹೋಗಿರುತ್ತಾರೆ.

ಹೊಸಬರು ಎಡವುವುದು ಇಲ್ಲೇ. ರಜೆ ಇದೆ ಅಂತ "ದಿನಾ ಬರ್ತೀನಿ" ಅಂದುಬಿಡುತ್ತಾರೆ. ಮೊದಲ ವಾರ ಐದು ದಿನ, ಎರಡನೇ ವಾರ ಎರಡು ದಿನ, ಮೂರನೇ ವಾರ ಪತ್ತೆಯೇ ಇಲ್ಲ. ನಿಮ್ಮ ಲೆಕ್ಕದ ಮೇಲೆ ಒಬ್ಬರು ಕೆಲಸ ಹಂಚಿರುತ್ತಾರೆ. ನೀವು ಬರದಿದ್ದರೆ ಆ ದಿನ ಆ ಸಾಲಿನ ನಾಯಿಗಳಿಗೆ ವಾಕಿಂಗ್ ಇಲ್ಲ. ಕಡಿಮೆ ಹೇಳಿ, ಹೇಳಿದ್ದನ್ನು ಉಳಿಸಿಕೊಳ್ಳಿ.

ವಯಸ್ಸಿನ ವಿಷಯ. ಬಹಳಷ್ಟು ಕಡೆ ಪ್ರಾಣಿಗಳನ್ನು ಮುಟ್ಟುವ ಕೆಲಸಕ್ಕೆ 18 ತುಂಬಿರಬೇಕು. ಅದಕ್ಕಿಂತ ಚಿಕ್ಕವರಾದರೆ ಕೆಲವರು ಅಪ್ಪ-ಅಮ್ಮನ ಸಹಿ ಕೇಳುತ್ತಾರೆ, ಕೆಲವರು ದೊಡ್ಡವರೊಬ್ಬರು ಜೊತೆಗೇ ಬರಬೇಕು ಅನ್ನುತ್ತಾರೆ. ವಯಸ್ಸು ಸುಳ್ಳು ಹೇಳಬೇಡಿ. ಏನಾದರೂ ಹೆಚ್ಚುಕಡಿಮೆ ಆದರೆ ಶೆಲ್ಟರಿನವರು ಸಿಕ್ಕಿಹಾಕಿಕೊಳ್ಳುತ್ತಾರೆ.

16-17ರವರಿಗೆ ಹೊರಗಿನಿಂದ ಮಾಡುವ ಕೆಲಸವೂ ಇದೆ. ಅಪಾರ್ಟ್‌ಮೆಂಟಿನಲ್ಲಿ, ಬೀದಿಯಲ್ಲಿ ಹಳೆ ಬೆಡ್‌ಶೀಟ್, ಟವೆಲ್, ದಿನಪತ್ರಿಕೆ ಸಂಗ್ರಹಿಸಿ ಕೊಡುವುದು. ಅಡಾಪ್ಷನ್ ಕ್ಯಾಂಪಿನಲ್ಲಿ, ಅಂದರೆ ಜನ ಬಂದು ನಾಯಿ-ಬೆಕ್ಕು ನೋಡಿ ಮನೆಗೆ ಒಯ್ಯುವ ದಿನ, ಫಾರಂ ತುಂಬಿಸುವುದು. ಮತ್ತೆ ಯಾರೂ ಮಾಡದ ಒಂದು ಕೆಲಸ: ಕನ್ನಡದಲ್ಲಿ ಬರೆಯುವುದು. "ಈ ನಾಯಿಗೆ ಮನೆ ಬೇಕು" ಅನ್ನುವ ಬರಹಗಳು ಬೆಂಗಳೂರಿನಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ತೋಟ, ಅಂಗಳ ಇರುವ ಮನೆಯವರು ಅದನ್ನು ಓದುವುದೇ ಇಲ್ಲ. ನಾಲ್ಕು ಸಾಲು ಚೆನ್ನಾಗಿ ಕನ್ನಡ ಬರೆಯಲು ಬಂದರೆ ನಿಮಗೆ ಬೇಡಿಕೆ ಇದೆ.

ಡಿಗ್ರಿಯಲ್ಲಿ ಎನ್‌ಎಸ್‌ಎಸ್ ತೆಗೆದುಕೊಂಡವರು ಎರಡು ವರ್ಷದಲ್ಲಿ 240 ಗಂಟೆ ಸೇವೆ ತೋರಿಸಬೇಕು, ಗೊತ್ತಲ್ಲ. ಶೆಲ್ಟರಿನ ಗಂಟೆಗಳನ್ನು ಅದಕ್ಕೆ ಸೇರಿಸುತ್ತಾರಾ ಅಂತ ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ. ಗಂಟೆ ಎಲ್ಲ ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಹಂತ 2: ಯಾವ ಶೆಲ್ಟರ್?

"ಶೆಲ್ಟರ್" ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕೈದು ಥರದ ಜಾಗಗಳಿವೆ. ಒಂದು, ಗಾಯಗೊಂಡ ಬೀದಿ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ, ಮನೆ ಹುಡುಕಿ ಕೊಡುವ ಕೇಂದ್ರಗಳು. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಶುರು ಮಾಡಿದ ಕ್ಯೂಪಾ, ಮೂರು ಕಾಲಿನ ನಾಯಿಯೊಂದರ ಹೆಸರು ಹೊತ್ತ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಈ ಸಾಲಿನವು. ಎರಡು, ಎಬಿಸಿ ಕೇಂದ್ರಗಳು. ಎಬಿಸಿ ಅಂದರೆ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕುವ ಕೆಲಸ. ಇದಕ್ಕೆ 2023ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿದೆ. ಕಿವಿಯ ತುದಿ ಕತ್ತರಿಸಿದ ಬೀದಿನಾಯಿ ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ. ಮೂರು, ಗೋಶಾಲೆ, ಪಿಂಜರಾಪೋಲ್‌ಗಳು. ಮುದಿಯಾದ, ಯಾರಿಗೂ ಬೇಡವಾದ ದನಗಳನ್ನು ಸಾಕುವ ಜಾಗಗಳಿವು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿರುವುದು ಹಳೆಯದು. ಹಳ್ಳಿ ಕಡೆಯಿಂದ ಬಂದವರಿಗೆ ಅಲ್ಲಿ ಕೆಲಸ ಹೊಸದಾಗಿ ಕಲಿಸಬೇಕಿಲ್ಲ.

ನಾಲ್ಕನೆಯದು ವನ್ಯಜೀವಿ ಕೇಂದ್ರ. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಇಂಥದ್ದು. ಆಷಾಢದ ಗಾಳಿಗೆ ಗಾಳಿಪಟ ಏಳುವ ಕಾಲದಲ್ಲಿ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡ ಹದ್ದುಗಳು ಬರುವುದು ಇಂಥ ಕಡೆಗೆ. ಇಲ್ಲಿಗೆ ಮುದ್ದು ಮಾಡುವ ಆಸೆಯಿಂದ ಹೋಗಬೇಡಿ. ಕಾಡಿನ ಪ್ರಾಣಿಗೆ ಮನುಷ್ಯರ ಸಲಿಗೆ ಬಂದರೆ ಅದನ್ನು ವಾಪಸ್ ಬಿಡುವುದೇ ಕಷ್ಟ. ಆದ್ದರಿಂದ ವಾಲಂಟಿಯರ್‌ಗಳ ಕೆಲಸ ಹಣ್ಣು ಹೆಚ್ಚುವುದು, ಪಂಜರ ತೊಳೆಯುವುದು, ಕಾಗದ ಪತ್ರ ನೋಡುವುದು. ಗಿಣಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು ಅನ್ನುವುದೂ ನೆನಪಿರಲಿ. ನಿಮ್ಮ ಮನೆಯಲ್ಲೇ ಪಂಜರದ ಗಿಣಿ ಇದ್ದರೆ ಮೊದಲು ಅದರ ವಿಷಯ ಮಾತಾಡಿ.

ಶೆಲ್ಟರ್ ಅಸಲಿಯಾ ನಕಲಿಯಾ ತಿಳಿಯುವುದು ಹೇಗೆ? ಒಮ್ಮೆ ಸುಮ್ನೆ ಹೋಗಿ ನೋಡಿ ಬನ್ನಿ. ವಾಸನೆ ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಬೇರೆ. ಬಟ್ಟಲಿನಲ್ಲಿ ನೀರು ಇದೆಯಾ? ಖಾಯಿಲೆಯವು ಬೇರೆ ಇವೆಯಾ? ಪಶುವೈದ್ಯರು ಯಾವ ದಿನ ಬರುತ್ತಾರೆ ಅಂತ ಕೇಳಿದರೆ ನೇರ ಉತ್ತರ ಬರುತ್ತದಾ? ಪ್ರತಿ ಪ್ರಾಣಿಗೂ ಒಂದು ದಾಖಲೆ ಪುಸ್ತಕ ಇದೆಯಾ? ಟ್ರಸ್ಟಿನ ನೋಂದಣಿ ಪತ್ರ ತೋರಿಸುತ್ತಾರಾ? ಒಳಗೆ ಯಾರನ್ನೂ ಬಿಡುವುದಿಲ್ಲ, ಆದರೆ ದುಡ್ಡು ಮಾತ್ರ ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹಾಕಿ ಅಂತಾರೆ ಅಂದರೆ ಹಿಂದಕ್ಕೆ ಬನ್ನಿ. ವಾಲಂಟಿಯರ್ ಆಗಲು ದೊಡ್ಡ ಮೊತ್ತದ "ಟ್ರೈನಿಂಗ್ ಫೀ" ಕೇಳುವವರ ಹತ್ತಿರ ನಾನಾಗಿದ್ದರೆ ಹೋಗುವುದಿಲ್ಲ.

ಹಂತ 3: ಮೆಸೇಜ್ ಬರೆಯುವುದು

"ಫೋನ್ ಎತ್ತಲ್ಲ" ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಒಂದೇ ಕಾರಣ. ನೀವು ಮಾಡುತ್ತಿರುವುದು ರೆಸ್ಕ್ಯೂ ನಂಬರಿಗೆ. ಆ ನಂಬರಿಗೆ ಇಡೀ ದಿನ ಅಪಘಾತದ ಕರೆಗಳು ಬರುತ್ತಿರುತ್ತವೆ. ಅಲ್ಲಿ ವಾಲಂಟಿಯರ್ ವಿಚಾರ ಎತ್ತಿದರೆ ಸಿಡುಕುತ್ತಾರೆ, ತಪ್ಪೇನಿಲ್ಲ. ವಾಲಂಟಿಯರ್ ಫಾರಂ ಇದ್ದರೆ ತುಂಬಿ. ಇಲ್ಲದಿದ್ದರೆ ಇಮೇಲ್ ಅಥವಾ ವಾಟ್ಸಾಪ್ ಮಾಡಿ, ಹೀಗೆ:

"ನಮಸ್ಕಾರ. ವಯಸ್ಸು 19, ಬಿಕಾಂ ಎರಡನೇ ವರ್ಷ, ಯಲಹಂಕದಲ್ಲಿ ಮನೆ. ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ಬುಧವಾರ ಬೆಳಿಗ್ಗೆ 7ರಿಂದ 10ರವರೆಗೆ ಬರಬಲ್ಲೆ. ಗೂಡು ತೊಳೆಯುವುದು, ಅಡುಗೆ, ಬಟ್ಟೆ ಒಗೆಯುವುದು, ಯಾವ ಕೆಲಸವಾದರೂ ಸರಿ. ರೇಬಿಸ್ ಮುಂಜಾಗ್ರತೆ ಲಸಿಕೆ ಶುರು ಮಾಡಿದ್ದೇನೆ. ಕನ್ನಡ, ಹಿಂದಿ ಮಾತಾಡುತ್ತೇನೆ. ಡ್ರೈವಿಂಗ್ ಲೈಸೆನ್ಸ್ ಇದೆ. ನಾಯಿ ಸಾಕಿ ಅಭ್ಯಾಸವಿಲ್ಲ."

ಇಷ್ಟೇ ಸಾಕು. "ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳೆಂದರೆ ಪ್ರಾಣ" ಅಂತ ಒಂದು ಪುಟ ಬರೆಯಬೇಡಿ. ಓದುವವರಿಗೆ ಬೇಕಾದದ್ದು ದಿನ, ಗಂಟೆ, ಲಸಿಕೆ. ಅಭ್ಯಾಸ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ. ತಪ್ಪು ಅಭ್ಯಾಸ ಬಿಡಿಸುವುದಕ್ಕಿಂತ ಹೊಸದಾಗಿ ಕಲಿಸುವುದು ಅವರಿಗೆ ಸುಲಭ. ಒಂದು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ. ಅದಾದ ಮೇಲೂ ಬರದಿದ್ದರೆ ಬೇರೆ ಕಡೆ ನೋಡಿ.

ಹಂತ 4: ಲಸಿಕೆ (ಇದನ್ನು ದಾಟಿಸಿ ಓದಬೇಡಿ)

ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಸಮಯಕ್ಕೆ ಸರಿಯಾಗಿ ಲಸಿಕೆ ತೆಗೆದುಕೊಂಡರೆ ಅದನ್ನು ತಡೆಯಬಹುದು. ಅಮ್ಮನಿಗೆ ಹೇಳಬೇಕಾದ ವಾಕ್ಯ ಈ ಎರಡನೆಯದು.

ಶೆಲ್ಟರ್ ಕೆಲಸಕ್ಕೆ ಹೋಗುವವರು ಕಚ್ಚಿಸಿಕೊಳ್ಳುವ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಇದಕ್ಕೆ ಪ್ರೀ-ಎಕ್ಸ್‌ಪೋಷರ್ ಲಸಿಕೆ ಅಂತಾರೆ, ಅಂದರೆ ಮುಂಜಾಗ್ರತೆಯ ಲಸಿಕೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮೂರು ಡೋಸ್: ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಚುಚ್ಚುವುದು ತೋಳಿಗೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವುದು ಅಜ್ಜನ ಕಾಲದ ಮಾತು. ಮೂರೂ ಮುಗಿಯಲು ಸುಮಾರು ಒಂದು ತಿಂಗಳು ಬೇಕು, ಆದ್ದರಿಂದ ರಜೆ ಶುರುವಾದ ಮೇಲಲ್ಲ, ಅದಕ್ಕೂ ಮೊದಲೇ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಟೆಟನಸ್ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದೀರಿ ಅಂತಲೂ ನೋಡಿಸಿಕೊಳ್ಳಿ. ಡಾಕ್ಟರ್ ಕೊಟ್ಟ ಚೀಟಿಯ ಫೋಟೋ ಮೊಬೈಲಿನಲ್ಲಿ ಇರಲಿ.

ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. "ಮೊದಲೇ ಹಾಕಿಸಿಕೊಂಡಿದ್ದೇನೆ, ಕಚ್ಚಿದರೂ ಏನೂ ಬೇಡ." ಹಾಗಲ್ಲ. ಮೊದಲೇ ಪೂರ್ತಿ ಲಸಿಕೆ ಆಗಿದ್ದವರೂ ಕಚ್ಚಿದಾಗ ಮತ್ತೆ ಎರಡು ಡೋಸ್ ತೆಗೆದುಕೊಳ್ಳಬೇಕು, ಕಚ್ಚಿದ ದಿನ ಒಂದು, 3ನೇ ದಿನ ಇನ್ನೊಂದು. ಲಾಭ ಏನೆಂದರೆ ಡೋಸ್ ಕಡಿಮೆ. ಅಷ್ಟೇ ಅಲ್ಲ, ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಅದು ಸಿದ್ಧ ಪ್ರತಿಕಾಯದ ಔಷಧಿ, ಎಲ್ಲ ಊರಲ್ಲೂ ಕೈಗೆ ಸಿಗುವಂಥದ್ದಲ್ಲ.

ಹಂತ 5: ಬಟ್ಟೆ, ಬ್ಯಾಗು

ಹಳೇ ಪ್ಯಾಂಟು, ಉದ್ದ ತೋಳಿನ ಹತ್ತಿ ಅಂಗಿ. ಮುಂದೆ ಮುಚ್ಚಿದ ಶೂ, ಸಾಧ್ಯವಾದರೆ ಗಂಬೂಟು. ಚಪ್ಪಲಿ ಖಂಡಿತಾ ಬೇಡ. ಓಲೆ, ಸರ, ದುಪಟ್ಟಾ, ನೇತಾಡುವ ಐಡಿ ಕಾರ್ಡ್ ಬಿಚ್ಚಿಡಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಸೋಪು, ನೀರಿನ ಬಾಟಲಿ. ನಿಮ್ಮದೇ ಬಿಸ್ಕತ್ತು ತರಬೇಡಿ. ಯಾವ ನಾಯಿಗೆ ಯಾವ ಪಥ್ಯ ಅಂತ ನಿಮಗೆ ಗೊತ್ತಿರುವುದಿಲ್ಲ, ಮತ್ತು ಒಂದು ಬಿಸ್ಕತ್ತು ಎರಡು ನಾಯಿಗಳ ಮಧ್ಯೆ ಬಿದ್ದರೆ ಯುದ್ಧವೇ ಆಗುತ್ತದೆ.

ಹಂತ 6: ಮೊದಲ ದಿನ ಪೊರಕೆ

ಮೊದಲ ದಿನ ನಿಮ್ಮ ಕೈಗೆ ಕೊಡುವುದು ಮರಿಯನ್ನಲ್ಲ, ಪೊರಕೆ ಮತ್ತು ವೈಪರ್. ಬೇಜಾರು ಮಾಡಿಕೊಳ್ಳಬೇಡಿ. ಗೂಡು ತೊಳೆಯುವಾಗಲೇ ಯಾವ ನಾಯಿ ನಿನ್ನೆ ಊಟ ಬಿಟ್ಟಿದೆ, ಯಾವುದಕ್ಕೆ ಭೇದಿ, ಯಾವುದು ಮೂಲೆ ಬಿಟ್ಟು ಏಳುತ್ತಿಲ್ಲ ಅಂತ ಕಣ್ಣಿಗೆ ಬೀಳುವುದು. ಭೇದಿಯಲ್ಲಿ ರಕ್ತ ಕಂಡರೆ ನೀರು ಹೊಡೆದು ತೊಳೆದುಬಿಡುವ ಮೊದಲು ಅಲ್ಲಿನ ಅಣ್ಣನಿಗೋ ಅಕ್ಕನಿಗೋ ತೋರಿಸಿ.

ತೊಳೆಯುವ ಕ್ರಮವೂ ಮುಖ್ಯ. ಆರೋಗ್ಯವಾಗಿರುವ ಮರಿಗಳ ಗೂಡು ಮೊದಲು, ದೊಡ್ಡ ನಾಯಿಗಳದ್ದು ಆಮೇಲೆ, ಖಾಯಿಲೆಯವುಗಳ ವಾರ್ಡು ಕೊನೆಗೆ. ಹೊಸದಾಗಿ ಬಂದ ಪ್ರಾಣಿಗಳನ್ನು ಕ್ವಾರಂಟೈನಿನಲ್ಲಿ, ಅಂದರೆ ಕೆಲವು ದಿನ ಬೇರೆಯಾಗಿ ಇಟ್ಟಿರುತ್ತಾರೆ. ಹೇಳದೆ ಅಲ್ಲಿಗೆ ಕಾಲಿಡಬೇಡಿ. ಇಷ್ಟೆಲ್ಲ ಪಾರ್ವೋ ಭಯಕ್ಕೆ. ಪಾರ್ವೋ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಜರಿಗೆ ಅದು ಬಗ್ಗುವುದಿಲ್ಲ. ಸೋಪು ಹಾಕಿ ಕೈ ತೊಳೆದುಕೊಳ್ಳಿ. ನೆಲಕ್ಕೆ ಬ್ಲೀಚ್ ಬೇಕು: ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣ ಒಂದು ಪಾಲಿಗೆ 30 ಪಾಲು ನೀರು. ಮೊದಲು ಹೇಲು ತೆಗೆದು, ಸೋಪು ನೀರಿನಲ್ಲಿ ಉಜ್ಜಿ, ಆಮೇಲೆ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯುವುದು. ಕೊಳೆಯ ಮೇಲೇ ಬ್ಲೀಚ್ ಸುರಿದರೆ ಬ್ಲೀಚ್ ದಂಡ.

ಎರಡು ಅಪಾಯ ಇಲ್ಲೇ ಹೇಳುತ್ತೇನೆ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಬೆಕ್ಕುಗಳ ಕೋಣೆಗೆ ಫಿನಾಯಿಲ್ ಹಾಕಬೇಡಿ. ಪಂಜ ನೆಕ್ಕಿಕೊಳ್ಳುವ ಬೆಕ್ಕಿನ ಹೊಟ್ಟೆಗೆ ಅದು ಹೋಗುತ್ತದೆ, ಅದನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಮೈಗಿಲ್ಲ.

ಇನ್ನು ಗೇಟು. ಶೆಲ್ಟರಿನಲ್ಲಿ ಎರಡು ಬಾಗಿಲ ಪದ್ಧತಿ ಇರುತ್ತದೆ. ಒಂದು ಹಾಕದೆ ಇನ್ನೊಂದು ತೆಗೆಯುವಂತಿಲ್ಲ. ನಾನು ಎರಡನೇ ವಾರದಲ್ಲಿ ಬಕೆಟ್ ಎರಡೂ ಕೈಲಿ ಹಿಡಿದು, ಹಿಂದಿನ ಬಾಗಿಲನ್ನು ಕಾಲಲ್ಲಿ ತಳ್ಳಿ "ಹಾಕಿತು" ಅಂದುಕೊಂಡೆ. ಅದು ಹಾಕಿರಲಿಲ್ಲ. ಒಂದು ಕಂದು ನಾಯಿಯನ್ನು ಹಿಡಿಯಲು ನಾಲ್ಕು ಜನ ಎರಡು ಗಂಟೆ ಬಿಸಿಲಲ್ಲಿ ಓಡಾಡಿದೆವು. ಚಿಲಕ ಹಾಕಿ, ಒಮ್ಮೆ ಎಳೆದು ನೋಡಿ, ಆಮೇಲೆ ಮುಂದೆ ನಡೆಯಿರಿ.

ಹಂತ 7: ನಾಯಿಯ ಮೈ ಓದುವುದು

ಬಾಲ ಅಲ್ಲಾಡಿಸಿದರೆ ಖುಷಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಡೀ ಸೊಂಟದ ಜೊತೆ ಸಡಿಲವಾಗಿ ಅಲ್ಲಾಡುವ ಬಾಲ ಬೇರೆ. ಮೈ ಮರದ ಹಾಗೆ ಬಿಗಿಯಾಗಿ, ಬಾಲ ಮಾತ್ರ ಮೇಲೆದ್ದು ಸಣ್ಣಗೆ ನಡುಗುವುದು ಬೇರೆ. ಎರಡನೆಯದು ಎಚ್ಚರಿಕೆ. ನಿದ್ದೆ ಇಲ್ಲದೆ ಆಕಳಿಸುವುದು, ಊಟ ಇಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು, ಬಾಲ ಕಾಲಿನ ಸಂದಿಗೆ ಸೇರುವುದು, ಇವೆಲ್ಲ "ದೂರ ಇರು" ಅನ್ನುವ ಮಾತು. ಉಣ್ಣುತ್ತಿರುವಾಗ ಅಥವಾ ನೀವು ಕೈ ಚಾಚಿದಾಗ ನಾಯಿ ಇದ್ದಕ್ಕಿದ್ದಂತೆ ಅಲ್ಲಾಡದೆ ನಿಂತುಬಿಟ್ಟರೆ ನೀವೂ ನಿಲ್ಲಿ, ನಿಧಾನವಾಗಿ ಹಿಂದೆ ಸರಿಯಿರಿ.

ಗುರುಗುಟ್ಟಿದ್ದಕ್ಕೆ ಬೈಯಬೇಡಿ, ಹೊಡೆಯಲೇಬೇಡಿ. ಗುರುಗುಟ್ಟುವ ನಾಯಿ ಹೇಳಿ ಕಚ್ಚುತ್ತದೆ. ಗುರುಗುಟ್ಟುವುದನ್ನು ಬಿಡಿಸಿದ ನಾಯಿ ಹೇಳದೆ ಕಚ್ಚುತ್ತದೆ. ಯಾವುದು ಬೇಕು?

ಹೊಸ ನಾಯಿಯ ಹತ್ತಿರ ನೇರವಾಗಿ ಎದುರಿನಿಂದ ಹೋಗಬೇಡಿ, ಮೇಲಿನಿಂದ ತಲೆ ಮೇಲೆ ಕೈ ಇಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪಕ್ಕಕ್ಕೆ ತಿರುಗಿ ನಿಲ್ಲಿ. ಅದೇ ಬಂದು ಮೂಸಲಿ. ಮೂಸಿ ಹೋಯಿತೋ, ಹೋಗಲಿ. ಮತ್ತೆ ಬಂದರೆ ಎದೆಯ ಬದಿಯಲ್ಲಿ, ಕುತ್ತಿಗೆಯ ಕೆಳಗೆ ತುರಿಸಿ. ಮೂರು ಎಣಿಸುವಷ್ಟು ಹೊತ್ತು ತುರಿಸಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ಮೈ ಒರಗಿಸುತ್ತದೆ.

ವಾಕಿಂಗಿಗೆ ಕರೆದೊಯ್ಯುವ ಮೊದಲು ಕಾಲರ್ ನೋಡಿ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಬೇಕು, ತಲೆ ದಾಟಿ ಬರುವಷ್ಟಲ್ಲ. ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ನಾಯಿ ಎಳೆದರೆ ಬೆರಳು ಮುರಿಯುತ್ತದೆ. ಒಂದು ಸಲಕ್ಕೆ ಒಂದೇ ನಾಯಿ. ಕಿವಿಯಲ್ಲಿ ಇಯರ್‌ಫೋನ್ ಬೇಡ.

ನಾಯಿಗಳು ಕಚ್ಚಾಡಿದರೆ ಮಧ್ಯೆ ಕೈ ಹಾಕಬೇಡಿ, ಕಾಲರ್ ಹಿಡಿಯಲು ಹೋಗಬೇಡಿ. ಜೋರಾಗಿ ಕೂಗಿ ಜನ ಕರೆಯಿರಿ. ಪೈಪಿನ ನೀರು, ಬಕೆಟ್ ಬಡಿಯುವ ಸದ್ದು, ಮಧ್ಯೆ ತಳ್ಳುವ ಹಲಗೆ, ಮೇಲೆ ಎಸೆಯುವ ದಪ್ಪ ಕಂಬಳಿ, ಇವು ಕೆಲಸಕ್ಕೆ ಬರುತ್ತವೆ.

ಬೆಕ್ಕಿನ ವಿಷಯ ಚಿಕ್ಕದು. ಬೆಕ್ಕನ್ನು ನೀವು ಆರಿಸುವುದಿಲ್ಲ. ಕೂತುಕೊಳ್ಳಿ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ, ಕಾಯಿರಿ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ಅದು ಮುಟ್ಟು ಅನ್ನುವ ಕರೆಯಲ್ಲ.

ಕಚ್ಚಿದರೆ, ಪರಚಿದರೆ

ಮುಚ್ಚಿಡಬೇಡಿ. "ಹೇಳಿದರೆ ಮುಂದಿನ ವಾರ ಬರಬೇಡ ಅಂತಾರೆ", "ಮನೆಯಲ್ಲಿ ಗೊತ್ತಾದರೆ ಬಿಡಲ್ಲ" ಅಂತ ಮುಚ್ಚಿಡುವವರೇ ಜಾಸ್ತಿ.

ಮೊದಲು ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಅಂದಾಜಿನಲ್ಲಿ ಎರಡೇ ನಿಮಿಷಕ್ಕೆ ಸಾಕು ಅನ್ನಿಸುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಏನೂ ಹಚ್ಚಬೇಡಿ. ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ಶೆಲ್ಟರಿನವರಿಗೆ ಹೇಳಿ, ಯಾವ ಪ್ರಾಣಿ ಅಂತ ಬರೆಸಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿ ಕಡಿತದ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ರಕ್ತ ಬರದ ಪರಚುಗಾಯಕ್ಕೂ ಲಸಿಕೆ ಬೇಕು. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಮೊದಲೇ ಇದ್ದ ಹಸಿ ಗಾಯವನ್ನು ನಾಯಿ ನೆಕ್ಕಿದರೆ, ಅಥವಾ ಅದರ ಜೊಲ್ಲು ಕಣ್ಣಿಗೆ, ಬಾಯಿಗೆ ತಗುಲಿದರೆ ಅದೂ ಆಳದ ಕಡಿತಕ್ಕೆ ಸಮ. "ನಾಯಿಗೆ ಲಸಿಕೆ ಆಗಿದೆ, ಹತ್ತು ದಿನ ಕಾದು ನೋಡೋಣ" ಅನ್ನುವವರಿದ್ದಾರೆ. ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ನಿಮ್ಮ ಮೊದಲ ಡೋಸ್ ಕಾಯಬಾರದು.

ಹಂತ 8: ಮನೆಗೆ ಏನನ್ನು ಒಯ್ಯಬಾರದು

ಮನೆಯಲ್ಲಿ ಲಸಿಕೆ ಆಗದ ಮರಿ ಇದ್ದರೆ ಶೆಲ್ಟರ್ ಕೆಲಸವನ್ನು ಸದ್ಯಕ್ಕೆ ಮುಂದೂಡಿ. ನಿಮ್ಮ ಶೂ ಅಡಿಯಲ್ಲೇ ಪಾರ್ವೋ ಮನೆಗೆ ಬರುತ್ತದೆ. ಉಳಿದವರು ಶೂ ಹೊರಗೆ ಬಿಟ್ಟು, ಬಟ್ಟೆಯನ್ನು ನೇರ ಬಕೆಟ್ಟಿಗೆ ಹಾಕಿ, ಸ್ನಾನ ಮಾಡಿ ಒಳಗೆ ಹೋಗಿ. ಕಿವಿ ಹಿಂದೆ, ಕಂಕುಳಲ್ಲಿ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ. ಚರ್ಮದ ಮೇಲೆ ದುಂಡಗೆ, ಅಂಚು ಕೆಂಪಾದ ತುರಿಕೆ ಕಂಡರೆ ಅದು ಹುಳುಕಡ್ಡಿ, ಬೆಕ್ಕಿನ ಮರಿಗಳಿಂದ ಸುಲಭವಾಗಿ ಅಂಟುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿದರೆ ವಾಸಿಯಾಗುತ್ತದೆ.

ಮಳೆಗಾಲದಲ್ಲಿ ಕಾಲಲ್ಲಿ ಗಾಯ ಇದ್ದರೆ ರಜೆ ಹಾಕಿ. ಇಲಿ, ನಾಯಿಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಅನ್ನುವ ಇಲಿ ಜ್ವರ ಬರುತ್ತದೆ. ಕರಾವಳಿಯವರಿಗೆ ಈ ಹೆಸರು ಹೊಸದಲ್ಲ. ಆಮೇಲೆ ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ "ಶೆಲ್ಟರಿನಲ್ಲಿ ಕೆಲಸ ಮಾಡುತ್ತೇನೆ" ಅನ್ನುವುದನ್ನು ಮರೆಯದೆ ಹೇಳಿ.

ಔಷಧಿ ವಿಷಯದಲ್ಲಿ ಡಾಕ್ಟರ್ ಆಗಬೇಡಿ. ಬೆಕ್ಕಿಗೆ ಮೈ ಬಿಸಿ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು. ತಾಯಿ ಇಲ್ಲದ ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಶುರುವಾಗುತ್ತದೆ. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಮನೆಯಿಂದ ಅನ್ನ ತರುವವರು ಸಾರು ಕಲಸಿ ತರುವುದು ಬೇಡ ಅನ್ನುವುದು ಇದಕ್ಕೇ.

ಹಂತ 9: ಮೊಬೈಲ್

ಒಪ್ಪಿಗೆ ಕೇಳದೆ ವಿಡಿಯೋ ಹಾಕಬೇಡಿ. ಗಾಯದ ಪ್ರಾಣಿಯ ಹತ್ತು ಸೆಕೆಂಡಿನ ವಿಡಿಯೋ ನೋಡಿ "ಇಲ್ಲಿ ಹಿಂಸೆ ಮಾಡ್ತಿದ್ದಾರೆ" ಅಂತ ಜನ ಕೂಗಾಡಿದ್ದನ್ನು ನೋಡಿದ್ದೇನೆ. ಅದು ಆಪರೇಷನ್ ಆಗಿ ಎರಡನೇ ದಿನದ ನಾಯಿ. ಶೆಲ್ಟರಿನ ವಿಳಾಸ ಸಾರಿ ಹೇಳುವುದೂ ಬೇಡ. ಮರುದಿನ ಬೆಳಿಗ್ಗೆ ಗೇಟಿನ ಮುಂದೆ ರಟ್ಟಿನ ಡಬ್ಬದಲ್ಲಿ ಮರಿಗಳನ್ನು ಬಿಟ್ಟು ಹೋಗಿರುತ್ತಾರೆ.

ಆದರೆ ಫೋಟೋ ಚೆನ್ನಾಗಿ ತೆಗೆಯಲು ಬಂದರೆ ಅದು ನಿಜವಾದ ಸೇವೆ. ಜಾಲರಿ ಹಿಂದಿನ ನಾಯಿಯನ್ನು ಯಾರೂ ಮನೆಗೆ ಕರೆದೊಯ್ಯುವುದಿಲ್ಲ. ಹೊರಗೆ ತನ್ನಿ, ಬೆಳಗಿನ ಬೆಳಕಿನಲ್ಲಿ, ಅದರ ಕಣ್ಣಿನ ಮಟ್ಟಕ್ಕೆ ಕೂತು ತೆಗೆಯಿರಿ. ಪಕ್ಕದಲ್ಲಿ ಒಬ್ಬರು ನಿಂತರೆ ಅದರ ಗಾತ್ರ ತಿಳಿಯುತ್ತದೆ. ಬರೆಯುವಾಗ ನಿಜ ಬರೆಯಿರಿ. "ತುಂಬಾ ಸಾಧು, ಎಲ್ಲರ ಜೊತೆ ಹೊಂದಿಕೊಳ್ಳುತ್ತೆ" ಅಂತ ಬರೆದು, ಆಮೇಲೆ ಅದು ಮಕ್ಕಳನ್ನು ಕಂಡರೆ ಗುರುಗುಟ್ಟಿದರೆ ವಾರದೊಳಗೆ ವಾಪಸ್ ಬರುತ್ತದೆ. "ಗದ್ದಲ ಇಲ್ಲದ ಮನೆ ಬೇಕು, ಚಿಕ್ಕ ಮಕ್ಕಳಿಲ್ಲದಿದ್ದರೆ ಒಳ್ಳೆಯದು, ರಾಗಿ ಮುದ್ದೆ ಕೊಟ್ಟರೂ ತಿನ್ನುತ್ತದೆ" ಅಂತ ಬರೆದರೆ ಕರೆ ಕಡಿಮೆ ಬರಬಹುದು, ಬಂದವರು ಸರಿಯಾದವರಾಗಿರುತ್ತಾರೆ.

ಹಂತ 10: ಎರಡನೇ ತಿಂಗಳು ಕಷ್ಟ

ಮೊದಲ ತಿಂಗಳು ಹುರುಪಿನಲ್ಲಿ ಹೋಗುತ್ತದೆ. ಎರಡನೇ ತಿಂಗಳಲ್ಲಿ ಒಂದು ಬುಧವಾರ ನೀವು ಹೋದಾಗ ನಿಮ್ಮ ಮೆಚ್ಚಿನ ನಾಯಿಯ ಗೂಡು ಖಾಲಿ ಇರುತ್ತದೆ. ಮನೆ ಸಿಕ್ಕಿದ್ದರೆ ಖುಷಿಗೂ ಅಳು, ಸತ್ತಿದ್ದರೆ ಬೇರೆಯೇ ಅಳು. ಬೆನ್ನುಮೂಳೆ ಮುರಿದ, ಡಿಸ್ಟೆಂಪರ್ ಅನ್ನುವ ವೈರಸ್ ಖಾಯಿಲೆ ನರಗಳಿಗೆ ಏರಿದ ಪ್ರಾಣಿಗಳಿಗೆ ಕೆಲವೊಮ್ಮೆ ಪಶುವೈದ್ಯರು ದಯಾಮರಣ ಕೊಡುತ್ತಾರೆ, ಅಂದರೆ ನೋವಿಲ್ಲದೆ ಸಾಯುವ ಇಂಜೆಕ್ಷನ್. ಆ ನಿರ್ಧಾರ ನಿಮ್ಮದಲ್ಲ. ಕೋಪ ಬಂದರೆ ಅವತ್ತೇ ಜಗಳ ಬೇಡ, ಮರುವಾರ ಯಾಕೆ ಅಂತ ಕೇಳಿ. ಹೇಳುತ್ತಾರೆ. ದಿನಾ ಇದನ್ನೇ ನೋಡುವ ಅಲ್ಲಿನವರ ಮುಖ ಕೆಲವೊಮ್ಮೆ ಕಲ್ಲಿನಂತೆ ಕಾಣುತ್ತದೆ, ಕಲ್ಲಲ್ಲ ಅದು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದರೆ ಎರಡು ವಾರ ಬಟ್ಟೆ ಒಗೆಯುವ ಅಥವಾ ಅಡುಗೆಯ ಕೆಲಸ ಕೇಳಿ ತೆಗೆದುಕೊಳ್ಳಿ. ಯಾರೂ ನಗುವುದಿಲ್ಲ.

ಇದೇ ಹೊತ್ತಿನಲ್ಲಿ "ಒಂದನ್ನು ಮನೆಗೆ ಒಯ್ಯುತ್ತೇನೆ" ಅನ್ನಿಸುತ್ತದೆ. ಪಿಜಿಯಲ್ಲಿ ಇರುವವರು ದಯವಿಟ್ಟು ಬೇಡ. ಬಾಡಿಗೆ ಮನೆಯವರು ಓನರನ್ನು ಮೊದಲು ಕೇಳಿ. ನಾಯಿ ಅಂದರೆ ಹನ್ನೆರಡು, ಹದಿನಾಲ್ಕು ವರ್ಷದ ಮಾತು. ಅಷ್ಟರಲ್ಲಿ ನಿಮ್ಮ ಓದು, ಕೆಲಸ, ಮದುವೆ ಎಲ್ಲ ಆಗಿರುತ್ತದೆ. ಮನೆಯವರು ಒಪ್ಪಿದರೆ ಫಾಸ್ಟರ್ ಮಾಡಿ ನೋಡಿ. ಖಾಯಂ ಮನೆ ಸಿಗುವವರೆಗೆ ಕೆಲವು ವಾರ ಇಟ್ಟುಕೊಂಡು ವಾಪಸ್ ಕೊಡುವುದಕ್ಕೆ ಫಾಸ್ಟರ್ ಅಂತಾರೆ. ಬಟ್ಟಲು, ಲಸಿಕೆ ಖರ್ಚು ಯಾರದ್ದು ಅಂತ ಮೊದಲೇ ಬರೆಸಿಕೊಳ್ಳಿ.

ಸರ್ಟಿಫಿಕೇಟ್, ಮತ್ತು ಬಿಡುವ ದಿನ

ಸರ್ಟಿಫಿಕೇಟ್ ಬೇಕಿದ್ದರೆ ಸೇರುವಾಗಲೇ ಕೇಳಿ, ನಾಚಿಕೆ ಬೇಡ. ಬಂದ ದಿನ, ಗಂಟೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಪ್ರತಿ ಸಲ ಸಹಿ ಮಾಡಿಸಿ. ಮೂರು ತಿಂಗಳಾದ ಮೇಲೆ ನೆನಪಿನಿಂದ ಗಂಟೆ ಲೆಕ್ಕ ಹಾಕಿ ಕೊಡಿ ಅಂದರೆ ಅವರಿಗೂ ಕಷ್ಟ.

ಸೆಮಿಸ್ಟರ್ ಶುರುವಾಯಿತು, ಊರು ಬದಲಾಯಿತು, ಬಿಡಬೇಕು. ತಪ್ಪಲ್ಲ. ಹೇಳದೆ ಮಾಯವಾಗುವುದು ತಪ್ಪು. ಎರಡು ವಾರ ಮೊದಲು ತಿಳಿಸಿ. ಅದೇ ಚಿಕ್ಕ ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮ ಸಾಲಿನ ನಾಯಿಗಳ ಬಗ್ಗೆ ಒಂದೊಂದು ಸಾಲು ಬರೆದು ಮುಂದೆ ಬರುವವರಿಗೆ ಕೊಡಿ: ಮೂರನೇ ಗೂಡಿನ ಕರಿಯನಿಗೆ ಹೆಲ್ಮೆಟ್ ಕಂಡರೆ ಭಯ, ತೆಗೆದು ಹೋಗಿ. ಐದನೆಯದಕ್ಕೆ ಎಡಗಿವಿ ಕೇಳಿಸುವುದಿಲ್ಲ, ಬಲಗಡೆಯಿಂದ ಕರೆಯಿರಿ. ಏಳನೆಯದು ಬಟ್ಟಲು ಬುಡಮೇಲು ಮಾಡುತ್ತದೆ, ನೀರನ್ನು ಭಾರದ ಕಲ್ಲು ಮರಿಗೆಯಲ್ಲೇ ಇಡಿ. ಗಂಬೂಟು ಅಲ್ಲೇ ಬಿಟ್ಟು ಬನ್ನಿ, ನಿಮ್ಮ ಅಳತೆಯವರು ಯಾರಾದರೂ ಬರುತ್ತಾರೆ.